ಲಾರಿ ಮುದ್ದೆ

ನಮ್ಮ ಮನೆಯಲ್ಲಿ ‘ಲಾರಿ ಮುದ್ದೆ’ ಎಂಬ ಒಂದು ಮಾತಿತ್ತು. ಅದನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಮದುವೆಯಾಗಿ ಪಿರಿಯಾಪಟ್ಟಣದ ಕಡೆಗೆ ಹೋದ ಹೊಸದರಲ್ಲಿ ಆರಿದ ಮುದ್ದೆ ತಟ್ಟೆಗೆ ಬಿದ್ದಾಗ ಬಾಯಿತಪ್ಪಿ ‘ಇವತ್ತು ಲಾರಿ ಮುದ್ದೆ’ ಎಂದುಬಿಟ್ಟೆ. ಅತ್ತೆ ಮನೆಯವರೆಲ್ಲ ನನ್ನ ಮುಖವನ್ನೇ ನೋಡಿದರು. ವಿವರಿಸಲು ಹೋಗಿ ಇನ್ನಷ್ಟು ಸಿಕ್ಕಿಕೊಂಡೆ. ಈಗ ವಯಸ್ಸಾಗಿದೆ, ನಾಚಿಕೆಯೂ ಇಲ್ಲ, ಸರಿಯಾಗಿಯೇ ಹೇಳುತ್ತೇನೆ. ಅಪ್ಪನ ಕಾರು ಬಂತೆಂದು ತಿಳಿದು, ಆತುರಾತುರವಾಗಿ ತೊಳಸಿ ಮುದ್ದೆ ಕಟ್ಟಿದ ಮೇಲೆ, ಬಂದದ್ದು ಕಾರಲ್ಲ, ಸೌದೆ ಲಾರಿ ಎಂದು ಗೊತ್ತಾದರೆ ಆ ಮುದ್ದೆಗೆ ನಮ್ಮಲ್ಲಿ ಲಾರಿ ಮುದ್ದೆ ಎಂದು ಹೆಸರು. ಅದು ಗಂಡಸರ ತಟ್ಟೆಗೆ ಹೋಗುವಂತಿರಲಿಲ್ಲ, ಚೆಲ್ಲುವಂತೆಯೂ ಇರಲಿಲ್ಲ. ಹಾಗಾಗಿ ಅದು ಅವ್ವನಿಗೆ ಮತ್ತು ನನಗೆ.

ಗಾವಡಗೆರೆ ಹತ್ತಿರದ ನಮ್ಮೂರಲ್ಲಿ ಹೊಗೆಸೊಪ್ಪು ಬೆಳೆಯದ ಮನೆ ಕಡಿಮೆ. ನಮ್ಮದು ಊರಿನ ಕೊನೆಯ ಮನೆ. ಮುಂದೆ ಜಗಲಿ, ಪಕ್ಕದಲ್ಲಿ ಕೊಟ್ಟಿಗೆ, ಹಿತ್ತಲಲ್ಲಿ ಸೊಪ್ಪನ್ನು ಕಾವು ಕೊಟ್ಟು ಒಣಗಿಸುವ ಬ್ಯಾರನ್ನು. ಅಡುಗೆಮನೆಗೆ ಒಂದೇ ಕಿಟಕಿ, ಅದೂ ಒಲೆಯ ನೇರಕ್ಕೆ. ಆ ಕಿಟಕಿಯಿಂದ ನೋಡಿದರೆ ದೂರದಲ್ಲಿ ಕೆರೆ ಏರಿಯ ತಿರುವು ಕಾಣುತ್ತಿತ್ತು. ಕತ್ತಲಾದ ಮೇಲೆ ಹುಣಸೂರಿನಿಂದ ಬರುವ ಯಾವ ಗಾಡಿಯಾದರೂ ಮೊದಲು ಬೆಳಕಾಗಿ ಕಾಣಿಸುವುದು ಅಲ್ಲಿಯೇ. ಏರಿಯಿಂದ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಹಿಟ್ಟು ಬೆಂದು, ತೊಳಸಿ, ಮುದ್ದೆ ಕಟ್ಟಬಹುದಿತ್ತು. ದಾರಿ ಅಷ್ಟು ಕೆಟ್ಟದಾಗಿತ್ತು. ಈ ಲೆಕ್ಕದ ಮೇಲೆಯೇ ನನ್ನ ಅಜ್ಜಿ ಮನೆಯ ಕಾನೂನು ನಿಂತಿತ್ತು. ಅಪ್ಪ ಕಾಲು ತೊಳೆದು ಒಳಗೆ ಕೂರುವಾಗ ಮುದ್ದೆಯಿಂದ ಹಬೆ ಏಳುತ್ತಿರಬೇಕು. ಮೊದಲೇ ಮಾಡಿಟ್ಟರೆ ತಪ್ಪು, ಬಂದ ಮೇಲೆ ಮಾಡಿದರೆ ಅದಕ್ಕಿಂತ ದೊಡ್ಡ ತಪ್ಪು. ಎಸರು ಕುದಿಯುತ್ತಿರಬೇಕು, ಅವ್ವನ ಕೈಯಲ್ಲಿ ಹಿಟ್ಟಿನ ಮೊರ ಇರಬೇಕು, ಕಣ್ಣು ಕಿಟಕಿಯಲ್ಲಿರಬೇಕು. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತು ತಾನೂ ಏರಿಯನ್ನೇ ನೋಡುತ್ತ, ಬೆಳಕು ಕಂಡಕೂಡಲೇ ಅವ್ವನನ್ನು ಕೂಗುತ್ತಿದ್ದಳು.

“ಲೇ ನಿಂಗೀ, ಏರಿ ಮ್ಯಾಲೆ ದೀಪ ಬಂತು ಕಣೇ! ಇಟ್ಟಾಕು!”

ಸೊಪ್ಪು ಬೇಯಿಸುವ ಕಾಲದಲ್ಲಿ ಪ್ರತಿ ಬ್ಯಾರನ್ನಿಗೂ ಸೌದೆ ಬೇಕು, ಸೌದೆಗೆ ಲಾರಿ ಬೇಕು. ಲಾರಿಗೂ ಎರಡು ದೀಪ, ಅಪ್ಪನ ಕಾರಿಗೂ ಎರಡು ದೀಪ. ಅವ್ವ ಹಿಟ್ಟು ಸುರಿದು, ಕವೆಕೋಲಿನಲ್ಲಿ ಪಾತ್ರೆ ಹಿಡಿದು, ಬೆವರು ಕಿತ್ತುಕೊಂಡು ತೊಳಸಿ, ನೀರು ಮುಟ್ಟಿಕೊಂಡ ಕೈಯಲ್ಲಿ ಮುದ್ದೆ ಉರುಳಿಸಿ ಮುಗಿಸುವ ಹೊತ್ತಿಗೆ ಆ ಎರಡು ದೀಪ ಕವಲುದಾರಿಯಲ್ಲಿ ಅತ್ತ ತಿರುಗಿಬಿಡುತ್ತಿತ್ತು. ಆಗ ಅಜ್ಜಿಯ ಬಾಯಿಗೆ ಅವ್ವ ಸಿಗುತ್ತಿದ್ದಳು. ದೀಪ ಬಂತೆಂದು ಕೂಗಿದವಳು ತಾನೇ ಎಂಬುದು ಅಜ್ಜಿಗೆ ನೆನಪಿರುತ್ತಿರಲಿಲ್ಲ.

“ಗಂಡನ್ ಕಾರ್ ಯಾವ್ದು, ಲಾರಿ ಯಾವ್ದು, ಅಷ್ಟೂ ಗೊತ್ತಾಗಾಕಿಲ್ವಾ ನಿಂಗೆ? ಹಿಟ್ಟೇನು ಪುಕ್ಸಟ್ಟೆ ಬತ್ತದಾ?”

ಒಂದು ಸಲ ಅವ್ವ ಧೈರ್ಯ ಮಾಡಿ, ಇದೂ ಲಾರಿಯೇ ಇರಬೇಕು ಎಂದು ಸುಮ್ಮನೆ ಕೂತಳು. ಅದು ಕಾರಾಗಿತ್ತು. ಅಪ್ಪ ಖಾಲಿ ತಟ್ಟೆಯ ಮುಂದೆ ಕೂತು ಕಾದರು. ಅಪ್ಪನಿಗೆ ಅದೊಂದು ವಿಷಯವೇ ಆಗಿರಲಿಲ್ಲ. ಅಜ್ಜಿ ಮಾತ್ರ ಬೈಯುತ್ತ ಬೈಯುತ್ತ ಅವ್ವನ ತೌರಿನವರೆಗೂ ಹೋಗಿ ಬಂದಳು. ಆಮೇಲೆ ಅವ್ವ ಎಂದೂ ಧೈರ್ಯ ಮಾಡಲಿಲ್ಲ. ಏರಿಯ ಮೇಲೆ ಯಾವ ಬೆಳಕು ಕಂಡರೂ ಹಿಟ್ಟು ಹಾಕುತ್ತಿದ್ದಳು. ಕೆಲವು ದಿನ ಒಂದೇ ರಾತ್ರಿಯ ಊಟಕ್ಕೆ ಎರಡೆರಡು ಸಲ ಮುದ್ದೆ ತೊಳಸಿದ್ದೂ ಉಂಟು. ಆರಿದ ಮುದ್ದೆ ತಿಂದವರಿಗೆ ಹೇಳಬೇಕಾಗಿಲ್ಲ. ಮೇಲೆ ಚರ್ಮದ ಹಾಗೆ ಪೊರೆ ಕಟ್ಟುತ್ತದೆ, ಮುರಿದರೆ ಒಡೆಯುತ್ತದೆ, ಸಾರಿನಲ್ಲಿ ಎಷ್ಟು ಅದ್ದಿದರೂ ಗಂಟಲಲ್ಲಿ ನಿಲ್ಲುತ್ತದೆ. ನಾನು ಅಳುತ್ತಿದ್ದೆ. ಅವ್ವ ನನ್ನ ಪಾಲಿನದರಲ್ಲಿ ಅರ್ಧ ಮುರಿದು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ನನ್ನ ತಮ್ಮ ಸೋಮ ಗಂಡುಮಗು, ಅಪ್ಪನ ಪಕ್ಕ ಕೂತು ಬಿಸಿ ಮುದ್ದೆ ಉಣ್ಣುತ್ತಿದ್ದ. ಲಾರಿ ಮುದ್ದೆ ಅವನಿಗೆ ಕಿವಿಗೆ ಬಿದ್ದ ಮಾತು, ಅಷ್ಟೇ.

ನಾನು ನಾಲ್ಕನೆಯ ಕ್ಲಾಸಿಗೆ ಬರುವ ಹೊತ್ತಿಗೆ ಲಾರಿ ಮುದ್ದೆ ಕಡಿಮೆಯಾಯಿತು. ಆಮೇಲೆ ಹೆಚ್ಚುಕಡಿಮೆ ನಿಂತೇಹೋಯಿತು. ಅಜ್ಜಿ ಜಗಲಿಯಿಂದ ಕೂಗಿದರೂ ಅವ್ವ ಕಿಟಕಿಯಲ್ಲಿ ಒಮ್ಮೆ ನೋಡಿ ‘ಅದು ಲಾರಿ ಕಣತ್ತೆ’ ಎನ್ನುತ್ತಿದ್ದಳು, ಅದು ಲಾರಿಯೇ ಆಗಿರುತ್ತಿತ್ತು. ಅವ್ವನ ಕಣ್ಣು ಚುರುಕಾಯಿತು ಎಂದುಕೊಂಡೆ. ಮಕ್ಕಳಿಗೆ ಇಂಥದಕ್ಕೆಲ್ಲ ಕಾರಣ ಬೇಕಿರುವುದಿಲ್ಲ, ಬಿಸಿ ಮುದ್ದೆ ಸಿಕ್ಕಿದರೆ ಸಾಕು.

ಇನ್ನು ಕಾರಿನ ಮಾತು. ಅದು ಹಸಿರು ಬಣ್ಣದ, ಗುಂಡು ಮೂತಿಯ ಹಳೆಯ ಕಾರು. ಕೊಡಗಿನ ಕಾಫಿ ತೋಟದವರೊಬ್ಬರಿಂದ ಅಪ್ಪ ಕೊಂಡದ್ದು. ಎತ್ತುಗಳಿಗೆ ಹೇಗೋ ಹಾಗೆ ಅದಕ್ಕೂ ಬೆಳಿಗ್ಗೆ ಎದ್ದಕೂಡಲೇ ಉಪಚಾರ ಆಗಬೇಕು. ಅಪ್ಪ ಹಲ್ಲುಜ್ಜಿ ಬರುವ ಮೊದಲು ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ತುಂಬುವುದು ಅವ್ವನ ಕೆಲಸ. ಬಾವಿಯಿಂದ ನೀರು ಸೇದುವವಳು ಅವಳಾದ್ದರಿಂದ ಕಾರಿನ ನೀರೂ ಅವಳ ಪಾಲಿಗೆ ಬಂದಿತ್ತು. ಸೆರಗು ಸಿಕ್ಕಿಸಿಕೊಂಡು, ತಂಬಿಗೆಯಲ್ಲಿ ಸಣ್ಣಗೆ ನೀರು ಬಿಡುತ್ತ, ಒಳಗಿನ ವೈರು ಪೈಪುಗಳ ಸಂತೆಯನ್ನು ನೋಡುತ್ತ ನಿಲ್ಲುತ್ತಿದ್ದಳು. ಅವಳು ಕಾರಿನ ಹತ್ತಿರ ಹೋಗುತ್ತಿದ್ದದ್ದು ಅಷ್ಟೇ ಎಂದು ನಾವೆಲ್ಲ ತಿಳಿದಿದ್ದೆವು.

ಆ ಕಾರಿಗೆ ಒಂದು ರೋಗ ಬಂತು. ಎಡಗಡೆಯ ಹೆಡ್‌ಲೈಟು ಉರಿಯುತ್ತಿರಲಿಲ್ಲ. ಪೂರಾ ಸತ್ತಿತ್ತೆಂದೂ ಅಲ್ಲ, ಆರುವ ಕೆಂಡದ ಹಾಗೆ ಒಳಗೊಳಗೇ ಸಣ್ಣಗೆ ಕೆಂಪಗಿರುತ್ತಿತ್ತು. ಊರಿನ ಹುಡುಗರು ಕಾರಿಗೆ ಒಕ್ಕಣ್ಣ ಎಂದು ಹೆಸರಿಟ್ಟರು. ಅಪ್ಪನಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಹುಣಸೂರಿನ ಸಾಬರ ಗ್ಯಾರೇಜಿಗೆ ಒಯ್ದರೆ ಅವರು ಹೊಸ ವೈರು ಎಳೆದು ಉರಿಸಿ ಕಳಿಸುತ್ತಿದ್ದರು. ವಾರ ಕಳೆಯುವುದರಲ್ಲಿ ಮತ್ತೆ ಕೆಂಡ. ಕೆ.ಆರ್. ನಗರದಲ್ಲಿ ತೋರಿಸಿದರು, ಅಲ್ಲಿಯೂ ಅದೇ ಕಥೆ. ಕೆಲವು ಸಲ ಯಾರೂ ಮುಟ್ಟದೆ ತನ್ನಷ್ಟಕ್ಕೆ ತಾನೇ ಸರಿಯಾಗಿ, ಹಲವು ದಿನ ಚೆನ್ನಾಗಿ ಉರಿದು, ತನ್ನಷ್ಟಕ್ಕೇ ಕೆಡುತ್ತಿತ್ತು. ಇದು ಅಪ್ಪನನ್ನು ಬಹಳ ಕೆಣಕಿತು. ಸೋಮವಾರ ಬಸವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಉಳುಮೆ ಇಲ್ಲದ ಆ ದಿನವನ್ನು ಅಪ್ಪ ಎಡಗಣ್ಣಿಗೆ ಕೊಟ್ಟರು. ನಾನು ಶಾಲೆಯಿಂದ ಓಡಿಬಂದು ಪುಸ್ತಕದ ಚೀಲ ಎಸೆದು ಟೆಸ್ಟ್ ಲ್ಯಾಂಪ್ ಹಿಡಿಯುತ್ತಿದ್ದೆ. ಅದೊಂದು ಪುಟ್ಟ ಬಲ್ಬು, ಅದಕ್ಕೆರಡು ವೈರು. ಒಂದನ್ನು ಬ್ಯಾಟರಿಗೆ ಸಿಕ್ಕಿಸಿ ಇನ್ನೊಂದನ್ನು ಅಪ್ಪ ಹೇಳಿದಲ್ಲಿ ಮುಟ್ಟಿಸುವುದು. ಉರಿದರೆ ಅಲ್ಲಿಯವರೆಗೆ ಕರೆಂಟು ಬಂದಿದೆ ಎಂದರ್ಥ. ಸಂಜೆಯಾಗಿ ನಾನು ಬೇಸರದಿಂದ ಏಳಹೋದರೆ ಅಪ್ಪ ಲಂಗ ಹಿಡಿದು ಕೂರಿಸುತ್ತಿದ್ದರು.

“ಕಾರ್ಣ ಸಿಗೋಗಂಟ ಮ್ಯಾಲೇಳ್ಬ್ಯಾಡ ಕಣವ್ವ. ದೀಪ ಅತ್ಕಂಡ್ರೆ ಸಾಲ್ದು. ಯಾಕ್ ಆರೋಗಿತ್ತು ಅನ್ನೋದು ಗೊತ್ತಾಗ್ಬೇಕು.”

ಕಾರಣ ಸಿಗಲಿಲ್ಲ. ಆದರೆ ಅದನ್ನು ಹುಡುಕುವ ಚಟ ನನಗೆ ಅಂಟಿತು. ಹೆಣ್ಣುಮಕ್ಕಳು ಹೊಲಿಗೆ ಕಲಿಯುವ ಕಾಲದಲ್ಲಿ ನಾನು ಹಟ ಹಿಡಿದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಿದೆ. ಆಮೇಲೆ ಅಲ್ಲಿಯೇ ಪಾಠ ಹೇಳಿ ನಿವೃತ್ತಳಾದೆ. ಅಷ್ಟು ವರ್ಷವೂ ಮಕ್ಕಳಿಗೆ ನಾನು ಹೇಳಿಕೊಟ್ಟದ್ದು ಅಪ್ಪನ ಆ ಒಂದು ಮಾತನ್ನೇ. ಅಪ್ಪ ಮಾತ್ರ ಕೊನೆಕೊನೆಗೆ ಕೈಚೆಲ್ಲಿ, ‘ಅದರ ಜಾತಕವೇ ಅಂಗೆ’ ಎಂದು ಹಚ್ಚಿದ್ದ ಹೊಸ ವೈರುಗಳನ್ನೆಲ್ಲ ಕಿತ್ತು ಬಿಸಾಡಿದರು. ಅಪ್ಪ ತೀರಿಕೊಂಡ ಮೇಲೆ ಕಾರು ಹಳೆಯ ಬ್ಯಾರನ್ನಿನೊಳಗೆ ಗೋಣಿಚೀಲ ಹೊದ್ದು ಕೂತಿತು.

ಈಚೆಗೆ ಸೋಮ ಹಳೆಯ ಬ್ಯಾರನ್ನು ಕೆಡವಿ ಅಲ್ಲಿ ಟ್ರ್ಯಾಕ್ಟರ್ ಶೆಡ್ ಕಟ್ಟುವ ಯೋಚನೆ ಮಾಡಿದ. ಕಾರನ್ನು ಗುಜರಿಯವನಿಗೆ ಕೊಡುತ್ತೇನೆ ಎಂದು ಫೋನ್ ಮಾಡಿದ. ನನಗೆ ಎಲ್ಲಿತ್ತೋ ಸಿಟ್ಟು, ಅವತ್ತೇ, ಕೆಲಸಕ್ಕೆಂದು ಬಂದು ನೆಲೆಸಿದ್ದ ಹುಣಸೂರಿನ ನನ್ನ ಮನೆಯಿಂದ ಬಸ್ಸು ಹತ್ತಿದೆ.

“ಅಕ್ಕಾ, ಅದೇನ್ ಓಡದಾ, ಆಡದಾ? ಆರ್‌ಸಿನೇ ಇಲ್ಲ ಅದಕ್ಕೆ. ಯಾವತ್ತೋ ಮುಗ್ದೋಗದೆ.”

“ನಾನು ಓಡುಸ್ತೀನಿ, ಆರ್‌ಸಿನೂ ಮಾಡುಸ್ತೀನಿ. ಅಲ್ಲೀಗಂಟ ಮುಟ್ಬ್ಯಾಡ.”

“ಆಯ್ತು. ಆರ್‌ಟಿಒನಲ್ಲಿ ಪಾಸಾದ್ರೆ ಇಲ್ಲೇ ಜಾಗ ಮಾಡ್ಕೊಡ್ತೀನಿ. ಫೇಲಾದ್ರೆ ಮಾರ್ನೇ ದಿನ ಗುಜರಿ. ಆಮೇಲೆ ತಕರಾರ್ ತಗೀಬ್ಯಾಡ.”

ಒಪ್ಪಿದೆ. ಆ ಸಾಬರ ಮಗ ರಫೀಕ್ ಈಗ ಗ್ಯಾರೇಜು ನಡೆಸುತ್ತಾನೆ, ಅವನನ್ನು ಹಿಡಿದುಕೊಂಡೆ. ಎಂಜಿನ್ ಬಿಚ್ಚಿ ಜೋಡಿಸಿದೆವು, ಬ್ರೇಕ್ ಬದಲಾಯಿಸಿದೆವು, ತುಕ್ಕು ತಿಂದ ತಗಡು ಕತ್ತರಿಸಿ ಬೆಸುಗೆ ಹಾಕಿಸಿದೆವು, ಅದೇ ಹಸಿರು ಬಣ್ಣ ಹೊಡೆಸಿದೆವು. ವೈರಿಂಗಿನಲ್ಲಿ ಇಲಿ ಕಡಿದದ್ದನ್ನೆಲ್ಲ ನಾನೇ ಕೂತು ಬದಲಾಯಿಸಿದೆ. ಮುಂದಿನ ಗ್ರಿಲ್‌ನ ಹಿಂದೆ ಅಡ್ಡಲಾಗಿ ಹೋಗುವ ಬಟ್ಟೆ ಸುತ್ತಿದ ವೈರಿನ ಕಟ್ಟು ಮಾತ್ರ ಎಣ್ಣೆ ಕುಡಿದು ಗಟ್ಟಿಯಾಗಿಯೇ ಇತ್ತೆಂದು ಹಾಗೇ ಬಿಟ್ಟೆವು. ಅವ್ವ ದಿನವೂ ಊರುಗೋಲು ಹಿಡಿದು ಬಂದು ಬ್ಯಾರನ್ನಿನ ಬಾಗಿಲಲ್ಲಿ ಕೂರುತ್ತಿದ್ದಳು. ಟೀ ತರಿಸುತ್ತಿದ್ದಳು, ರಫೀಕನ ಮಕ್ಕಳ ಓದಿನ ವಿಚಾರ ಕೇಳುತ್ತಿದ್ದಳು. ಒಂದು ದಿನ ಹೆಡ್‌ಲೈಟಿನ ಗಾಜು ಒರೆಸುತ್ತಿದ್ದಾಗ ಮೆಲ್ಲಗೆ ಹೇಳಿದಳು.

“ಎಲ್ಲಾನೂ ಸರಿ ಮಾಡು ಮಗ. ಆ ಎಡಗಡೆ ದೀಪ ಒಂದ ಅಂಗೇ ಬುಟ್ಬುಡು.”

“ಬುಟ್ರೆ ಪಾಸ್ ಮಾಡಾಕಿಲ್ಲ ಕಣವ್ವ. ಗುಜರಿಗೋಯ್ತದೆ.”

 ಮುದುಕಿಗೆ ಅಪ್ಪನ ಕಾಲದ್ದು ಹಾಗೇ ಇರಲಿ ಎಂಬ ಆಸೆ ಇರಬಹುದು ಎಂದುಕೊಂಡು ನಾನು ಕೆಲಸ ಮುಂದುವರಿಸಿದೆ.

ಇನ್ಸ್‌ಪೆಕ್ಷನ್ನಿನ ಹಿಂದಿನ ದಿನ ಬೆಳಿಗ್ಗೆ ಮೊದಲ ಸಲ ಹೆಡ್‌ಲೈಟಿನ ಸ್ವಿಚ್ ಎಳೆದೆವು. ಬಲಗಡೆಯದು ಜಗ್ಗನೆ ಹೊತ್ತಿತು. ಎಡಗಡೆ ಅದೇ ಕೆಂಡ.  ಅಷ್ಟು ವರ್ಷ ಗೋಣಿ ಹೊದ್ದು ಮಲಗಿದ್ದ ರೋಗ ನನ್ನ ಎದುರಿಗೇ ಎದ್ದು ಕೂತಿತ್ತು. ಸೋಮ ಅಲ್ಲೇ ನಿಂತಿದ್ದ. ಗುಜರಿಯವನ ನಂಬರ್ ಫೋನಿನಲ್ಲಿ ಇದೆಯೋ ಎಂದು ನೋಡಿಕೊಂಡ. ನಾನು ಸೆರಗು ಬಿಗಿದು ಕೆಳಗೆ ಕೂತೆ. ಬಲ್ಬು ಬಿಚ್ಚಿ ನೇರ ಬ್ಯಾಟರಿಗೆ ಹಿಡಿದೆ, ಡಿಪ್ಪೂ ಉರಿಯಿತು, ಬ್ರೈಟೂ ಉರಿಯಿತು. ಬಲ್ಬು ಚೆನ್ನಾಗಿದೆ. ಹೋಲ್ಡರಿಗೆ ಬರುವ ಎರಡು ವೈರುಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದೆ, ಎರಡರಲ್ಲೂ ಕರೆಂಟಿದೆ. ಸ್ವಿಚ್ಚು, ಫ್ಯೂಸು, ಕಾಲಲ್ಲಿ ಒತ್ತುವ ಡಿಪ್ಪರು ಯಾವುದರ ತಪ್ಪೂ ಅಲ್ಲ. ಮತ್ತೆ ಬಲ್ಬು ಹಾಕಿ ಡಿಪ್ಪಿಗೆ ಇಟ್ಟು ಒಳಗೆ ಕೂತು ನೋಡಿದೆ. ಡ್ಯಾಶ್‌ಬೋರ್ಡಿನಲ್ಲಿ ಬ್ರೈಟ್ ಹಾಕಿದಾಗ ಮಾತ್ರ ಉರಿಯಬೇಕಾದ ನೀಲಿ ದೀಪ ಡಿಪ್ಪಿನಲ್ಲೂ ಮಿಣಮಿಣ ಎನ್ನುತ್ತಿತ್ತು. ಅದನ್ನು ಕಂಡು ನನಗೆ ನಗು ಬಂತು. ಬಲ್ಬಿನೊಳಕ್ಕೆ ಬಂದ ಕರೆಂಟು ಕಪ್ಪು ವೈರಿನಲ್ಲಿ ಕಾರಿನ ಮೈಗೆ ಇಳಿದು ಹಿಂದಕ್ಕೆ ಹೋಗಬೇಕು. ಮೆಕ್ಯಾನಿಕ್‌ಗಳು ಅದಕ್ಕೆ ಅರ್ತ್ ಎನ್ನುತ್ತಾರೆ. ಆ ಬಾಗಿಲು ಮುಚ್ಚಿದ್ದರೆ ಕರೆಂಟು ಪಕ್ಕದ ಮನೆಯ ಹಿತ್ತಲು ಹಾರಿ, ಬ್ರೈಟ್ ವೈರಿನಲ್ಲಿ ಹಿಮ್ಮುಖವಾಗಿ ನುಗ್ಗಿ, ಬಲಗಡೆಯ ಬಲ್ಬಿನ ಮೂಲಕ ಹೇಗೋ ಇಳಿಯುತ್ತದೆ. ಅಷ್ಟು ಸುತ್ತಿ ಸುಸ್ತಾಗಿ ಬಂದದ್ದಕ್ಕೇ ಕೆಂಡದ ಬಣ್ಣ. ಅಪ್ಪ ಪ್ರತಿ ಸೋಮವಾರ ಕರೆಂಟು ಬರುವ ದಾರಿಯನ್ನೇ ಹುಡುಕಿದ್ದರು. ಅದು ಹೋಗುವ ದಾರಿಯನ್ನು ನಾವಿಬ್ಬರೂ ನೋಡಿರಲಿಲ್ಲ.

“ಹೊಸಾ ಪೇಂಟ್ ಅಕ್ಕಾ. ಬೋಲ್ಟ್ ಕೆಳಗೆ ಬಣ್ಣ ಕೂತೈತೆ, ಅರ್ತ್ ಸಿಗ್ತಿಲ್ಲ” ಎಂದ ರಫೀಕ್.

ಕಪ್ಪು ವೈರು ಮೈಗೆ ಸೇರುವ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿ, ಮತ್ತೆ ಬಿಗಿದೆವು. ಕೆಂಡ ಕೆಂಡವಾಗಿಯೇ ಇತ್ತು. ಹೋಲ್ಡರಿನ ಕಪ್ಪು ವೈರಿನ ತುದಿಗೂ ಬ್ಯಾಟರಿಯ ಪ್ಲಸ್ಸಿಗೂ ಟೆಸ್ಟ್ ಲ್ಯಾಂಪ್ ಹಿಡಿದೆ, ಉರಿಯಲಿಲ್ಲ. ಬೋಲ್ಟಿನ ತುದಿಗೆ ಹಿಡಿದರೆ ಉರಿಯಿತು. ಹಾಗಾದರೆ ಹೋಲ್ಡರಿಗೂ ಬೋಲ್ಟಿಗೂ ನಡುವೆ ಎಲ್ಲೋ ವೈರು ಕಡಿದಿದೆ. ಹೊತ್ತು ಊಟಕ್ಕೆ ಬಂದಿತ್ತು. ರಫೀಕ್ ಕೈ ಒರೆಸಿಕೊಂಡ.

“ಒಂದು ಹೊಸಾ ಕಪ್ಪು ವೈರ್ ಎಳ್ದು ಬಾಡಿಗೆ ಕೊಟ್ಬುಟ್ರೆ ಮುಗೀತು ಅಕ್ಕಾ. ನಾಳೆ ಇನ್ಸ್‌ಪೆಕ್ಷನ್ ಐತೆ.”

“ನಿಮ್ಮಪ್ಪನೂ ಅದನ್ನೇ ಮಾಡಿದ್ದು ರಫೀಕ್. ವಾರಕ್ಕೆ ಕೆಟ್ಟೋಗ್ತಿತ್ತು. ನಾಳೆ ಇನ್ಸ್‌ಪೆಕ್ಟ್ರ ಮುಂದೆ ಕೆಟ್ರೆ? ಎಲ್ಲಿ ಕಡ್ದದೆ ಅಂತ ನೋಡ್ದೆ ನಾನು ಏಳಾಕಿಲ್ಲ.”

ಗ್ರಿಲ್ ಬಿಚ್ಚಿದೆವು. ಬ್ಲೇಡಿನಿಂದ ಬಟ್ಟೆ ಸುತ್ತಿದ ಕಟ್ಟನ್ನು ಎಡತುದಿಯಿಂದ ಸೀಳುತ್ತ ಬಂದೆ. ರೇಡಿಯೇಟರಿನ ಪಕ್ಕಕ್ಕೆ ಬಂದಾಗ ಬಟ್ಟೆ ಬೇರೆಯಾಯಿತು. ಅದು ಕಂಪನಿಯ ಸುತ್ತುಬಟ್ಟೆಯಲ್ಲ, ಹಳೆಯ ಸೀರೆಯ ಚೂರು. ಅದರೊಳಗೆ ಕಪ್ಪು ವೈರಿನ ಜಾಯಿಂಟು. ಒಂದಕ್ಕೊಂದು ಸಿಕ್ಕಿಸಬೇಕಾದ ಎರಡು ತುದಿಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಬಟ್ಟೆ ಸುತ್ತಿ, ಪಕ್ಕಪಕ್ಕ ಮಲಗಿಸಿ ನೂಲಿನಿಂದ ಕಟ್ಟಿತ್ತು. ಹೊರಗಿನಿಂದ ಮುಟ್ಟಿ ನೋಡಿದವರಿಗೆ ಗಟ್ಟಿ ಜಾಯಿಂಟೆಂದೇ ಅನ್ನಿಸಬೇಕು. ಕಟ್ಟಿದ ರೀತಿ ನೋಡಿ ನನ್ನ ಕೈ ನಿಂತಿತು. ಹೊಗೆಸೊಪ್ಪನ್ನು ಕೋಲಿಗೆ ಕಟ್ಟುವಾಗ ಹೆಂಗಸರು ಹಾಕುವ ಕುಣಿಕೆ ಅದು. ಅತ್ತ ಇತ್ತ ಸರಪಣಿಯ ಹಾಗೆ ಕುಣಿಕೆ ಹಾಕುತ್ತ ಹೋಗಿ, ಕೊನೆಯ ಎಳೆಯನ್ನು ಒಳಕ್ಕೆ ತೂರಿಸುತ್ತಾರೆ. ನಮ್ಮ ಮನೆಯಲ್ಲಿ ಆ ಎಳೆಯನ್ನು ಎಡಕ್ಕೆ ತೂರಿಸುತ್ತಿದ್ದವಳು ಒಬ್ಬಳೇ. ಅವಳು ಎಡಗೈಯವಳು, ಬಾಗಿಲಲ್ಲಿ ಊರುಗೋಲು ಹಿಡಿದು ಕೂತಿದ್ದಳು.

“ಅವ್ವಾ, ಇದು ನೀನು ಕಟ್ಟಿದ್ದಾ?”

ಅವ್ವ ಬಗ್ಗಿ ನೋಡಿದಳು. ಸುಳ್ಳು ಹೇಳುವ ಯೋಚನೆಯೇ ಅವಳ ಮುಖದಲ್ಲಿ ಕಾಣಲಿಲ್ಲ.

“ಊ ಕಣ್ ಮಗ. ಇನ್ನೂ ಅಂಗೇ ಅದಾ? ನಾನೆಲ್ಲೋ ಹುಳ ತಿಂದಿರ್ತದೆ ಅಂದ್ಕಂಡಿದ್ದೆ.”

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಅಪ್ಪನ ಅಷ್ಟೂ ಸೋಮವಾರಗಳು ಕಣ್ಣ ಮುಂದೆ ಬಂದವು. ಎಣ್ಣೆ ಮೆತ್ತಿದ ಅವರ ಬೆರಳು, ಹುಡುಗರು ಒಕ್ಕಣ್ಣ ಎಂದಾಗ ಅವರು ತಗ್ಗಿಸಿದ ಮುಖ. ಒಂದು ಸಲ ಎದುರಿಗೆ ಬಂದ ಎತ್ತಿನ ಗಾಡಿಯವನು ಒಂದೇ ದೀಪ ನೋಡಿ ಬೈಕೆಂದು ತಿಳಿದು ಪಕ್ಕಕ್ಕೆ ಸರಿಯದೆ, ಅಪ್ಪ ಕಾರನ್ನು ಹೊಲಕ್ಕೆ ಇಳಿಸಿದ್ದು. ರಫೀಕ್ ಇದ್ದಾನೆಂಬುದನ್ನೂ ಮರೆತು ಕೂಗಾಡಿದೆ.

“ಯಾಕವ್ವಾ ಇಂಗ್ ಮಾಡ್ದೆ? ಅವತ್ತು ಗಾಡಿಗೆ ಗುದ್ದಿದ್ರೆ ಏನ್ ಗತಿ? ಅಪ್ಪನ್ ಸೋಮವಾರ ಎಲ್ಲಾ ಹಾಳು ಮಾಡ್ದಲ್ಲ!”

“ಅವರ್ದು ಸೋಮವಾರ ಹೋಯ್ತು. ನನ್ದು ದಿನಾ ಹೋಯ್ತಿತ್ತು.”

 ಆಮೇಲೆ ಅವ್ವ ಉಳಿದದ್ದನ್ನೂ ತಾನಾಗಿಯೇ ಹೇಳಿದಳು. ಒಂದು ಬೆಳಿಗ್ಗೆ ರೇಡಿಯೇಟರಿಗೆ ನೀರು ಬಿಡುವಾಗ ಸೆರಗು ಸಿಕ್ಕಿಕೊಂಡು, ಎಳೆದರೆ ಆ ವೈರು ಕಳಚಿ ಕೈಗೆ ಬಂತು. ಹೆದರಿ ಹಾಗೇ ಬಿಟ್ಟಳು. ಅವತ್ತು ಕತ್ತಲಾದ ಮೇಲೆ ಏರಿಯ ತಿರುವಿನಲ್ಲಿ ಒಂದೇ ದೀಪ ಕಂಡಿತು. ಯಾವುದೋ ಬೈಕು ಎಂದುಕೊಂಡರೆ ಅಂಗಳಕ್ಕೆ ಬಂದದ್ದು ಕಾರು. ಅವ್ವನಿಗೆ ಅಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ಆ ತುದಿಗಳು ಯಾರಿಗೂ ಕಾಣದಂತೆ ಸೀರೆಯ ಚೂರು ಸುತ್ತಿ ಕಟ್ಟಿಟ್ಟಳು. ಅಂದಿನಿಂದ ಲಾರಿಗೆ ಎರಡು ದೀಪ, ಗಂಡನಿಗೆ ಒಂದು ದೀಪ. ಆಗ ನಮ್ಮೂರಿನ ಕಡೆ ಕತ್ತಲಲ್ಲಿ ಬರುವ ಬೈಕುಗಳೂ ತೀರ ಅಪರೂಪ. ಸಾಬರು ಹೊಸ ವೈರು ಎಳೆದಾಗಲೆಲ್ಲ ಮಾರನೆಯ ಬೆಳಿಗ್ಗೆಯೋ ಅದರ ಮಾರನೆಯ ಬೆಳಿಗ್ಗೆಯೋ ನೀರಿನ ತಂಬಿಗೆ ಹಿಡಿದು ಅದನ್ನೂ ಸಡಿಲಿಸಿ ಬರುತ್ತಿದ್ದಳು.

“ಆ ಗಾಡಿ ವಿಷ್ಯ ಕೇಳಿ ನಂಗೂ ಎದೆ ಒಡ್ದೋಗಿತ್ತು. ಮಾರ್ನೇ ದಿನ್ವೇ ಸಿಗ್ಸಿಬುಟ್ಟೆ. ಸ್ವಲ್ಪ ದಿನ ಉರೀತು. ಆಗ ಮತ್ತೆ ಲಾರಿ ಮುದ್ದೆ. ನೀನು ಗಂಟ್ಲಲ್ಲಿ ಸಿಗಾಕಂಡು ಅಳೋದ ನೋಡ್ದೆ. ಮತ್ತೆ ಕಿತ್ತೆ.”

ತನ್ನಷ್ಟಕ್ಕೆ ತಾನೇ ಸರಿಯಾಗಿ, ತನ್ನಷ್ಟಕ್ಕೇ ಕೆಡುತ್ತಿದ್ದ ರೋಗದ ಕಾರಣ ಅದು. ಅದನ್ನು ಹುಡುಕುತ್ತ ಕೂತವಳು ನಾನು, ಅದರಿಂದ ಬಿಸಿ ಮುದ್ದೆ ತಿಂದವಳೂ ನಾನು. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು.

“ಅಪ್ಪಂಗೆ ಗೊತ್ತಿತ್ತಾ?”

“ಗೊತ್ತಾಗಿದ್ರೆ ಬುಡ್ತಿದ್ರಾ? ಇಲ್ಲ ಕಣ್ ಮಗ.”

“ಅಜ್ಜಿ ಹೋದ್ಮೇಲಾದ್ರೂ ಸಿಗುಸ್ಬೋದಿತ್ತಲ್ಲ.”

“ಅಷ್ಟೊತ್ಗೆ ನಂಗೇ ಅಭ್ಯಾಸ ಆಗೋಗಿತ್ತು. ಏರಿ ಮ್ಯಾಲೆ ಒಂದ್ ದೀಪ ಕಂಡ್ರೇನೇ ಜೀವಕ್ಕೆ ಸಮಾಧಾನ. ಎರಡ್ ಕಂಡ್ರೆ ಇನ್ನೂ ಬಂದಿಲ್ವಲ್ಲಾ ಅನ್ನುಸ್ತಿತ್ತು.”

ನಾನು ಕುಣಿಕೆ ಬಿಚ್ಚಲು ಹೋದೆ. ಎಣ್ಣೆ ಕುಡಿದ ನೂಲು, ಎಷ್ಟು ಕೆದಕಿದರೂ ಬಿಗಿಯಾಯಿತೇ ಹೊರತು ಬಿಚ್ಚಲಿಲ್ಲ. ಕತ್ತರಿಸಲು ಬ್ಲೇಡ್ ಎತ್ತಿದಾಗ ಅವ್ವ ಎದ್ದು ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಬಾನೆಟ್ಟಿನ ಮೇಲೆ ಒಂದು ಕೈ ಊರಿ, ಎಡಗೈಯಿಂದ ತಡಕಿ, ಒಳಗೆ ತೂರಿಸಿದ್ದ ಎಳೆಯನ್ನು ಹಿಡಿದು ಒಮ್ಮೆ ಎಳೆದಳು. ಕುಣಿಕೆಗಳು ಒಂದರ ಹಿಂದೆ ಒಂದು ಸರಸರ ಬಿಚ್ಚಿಕೊಂಡವು. ಬೆಂದ ಸೊಪ್ಪನ್ನು ಕೋಲಿನಿಂದ ಇಳಿಸುವಾಗ ಬಿಚ್ಚಿಕೊಳ್ಳಲೆಂದೇ ಹಾಕುವ ಕುಣಿಕೆ ಅದು. ಅವ್ವ ನೂಲನ್ನು ಬೆರಳಿಗೆ ಸುತ್ತಿಕೊಂಡು, ‘ಇನ್ನು ನಿನ್ನ ಕೆಲ್ಸ ನೀ ಮಾಡು’ ಎಂದು ಹೋಗಿ ಕೂತಳು. ತುದಿಗಳ ಕಿಲುಬು ಉಜ್ಜಿ, ಒಂದಕ್ಕೊಂದು ಸಿಕ್ಕಿಸಿ ಸ್ವಿಚ್ ಎಳೆದೆ. ಎಡಗಣ್ಣು ಬಲಗಣ್ಣಿನ ಸಮಕ್ಕೆ ಬಿಟ್ಟಿತು, ನೀಲಿ ದೀಪ ಆರಿತು. ರಫೀಕ್ ಚಪ್ಪಾಳೆ ತಟ್ಟಿದ. ನಾನು ಅವ್ವನ ಕಡೆ ನೋಡಲಿಲ್ಲ, ಅವಳೂ ನನ್ನ ಕಡೆ ನೋಡಲಿಲ್ಲ.

ಮಾರನೆಯ ದಿನ ಹುಣಸೂರಿನಲ್ಲಿ ಕಾರುಗಳ ಸಾಲು ದೊಡ್ಡದಿತ್ತು. ನಮ್ಮ ಸರದಿ ಬರುವಾಗ ಬಿಸಿಲು ಇಳಿಯುತ್ತಿತ್ತು. ಇನ್ಸ್‌ಪೆಕ್ಟರು ಹಾರ್ನ್ ಒತ್ತಿಸಿದರು, ಬ್ರೇಕ್ ಹಾಕಿಸಿದರು, ಡಿಪ್ ಎಂದರು, ಬ್ರೈಟ್ ಎಂದರು. ನಾನು ಕಾಲಲ್ಲಿ ಡಿಪ್ಪರ್ ಒತ್ತುವಾಗ ಎದುರಿನ ಗೋಡೆಯ ಮೇಲೆ ಎರಡು ಬೆಳಕಿನ ವೃತ್ತ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಅಪ್ಪ ಇದನ್ನು ನೋಡಬೇಕಿತ್ತು ಎನ್ನಿಸಿತು. ಇನ್ಸ್‌ಪೆಕ್ಟರು ‘ಚೆನ್ನಾಗಿಟ್ಟಿದ್ದೀರಿ’ ಎಂದು ಸಹಿ ಹಾಕಿದರು. ಊರಿಗೆ ಫೋನ್ ಮಾಡಿ ಪಾಸಾಯಿತೆಂದು ಹೇಳಬಹುದಿತ್ತು. ಮಾಡಲಿಲ್ಲ. ನನ್ನೊಳಗೆ ಇನ್ನೂ ಸ್ವಲ್ಪ ಸಿಟ್ಟಿತ್ತು, ಸೋಮನ ಮುಖವನ್ನು ಎದುರಿಗೇ ನೋಡಬೇಕೆಂಬ ಆಸೆಯೂ ಇತ್ತು. ಗಾವಡಗೆರೆ ದಾಟುವಾಗ ಕತ್ತಲಾಯಿತು. ನನ್ನ ಮುಂದೆ ಸೌದೆ ತುಂಬಿದ ಲಾರಿಯೊಂದು ತೇಕುತ್ತ ಹೋಗುತ್ತಿತ್ತು. ಏರಿಯ ಮೇಲೆ ಅದನ್ನು ಹಿಂದೆ ಹಾಕಲು ಜಾಗವಿಲ್ಲ. ಅದು ಎತ್ತಿದ ಧೂಳಿನಲ್ಲಿ ನನಗೆ ದಾರಿಯೇ ಕಾಣದೆ, ತಿರುವಿಗಿಂತ ಮೊದಲೇ ನಿಲ್ಲಿಸಿ ಅದು ದೂರ ಹೋಗಲೆಂದು ಕಾದೆ. ಆಮೇಲೆ ಹೊರಟೆ. ದೂರದಲ್ಲಿ ನಮ್ಮ ಅಡುಗೆಮನೆಯ ಕಿಟಕಿ ಬೆಳಗುತ್ತಿತ್ತು.

ಕಾಲು ತೊಳೆದು ಒಳಗೆ ಹೋದರೆ ಸೋಮನ ಹೆಂಡತಿ ಮೂಲೆಯಲ್ಲಿ ಮುಖ ಸಿಂಡರಿಸಿಕೊಂಡು ನಿಂತಿದ್ದಳು. ಗ್ಯಾಸಿದ್ದರೂ ಅವ್ವ ಹಳೆಯ ಸೌದೆ ಒಲೆ ಹೊತ್ತಿಸಿದ್ದಳು. ಬೆವೆತ ಮುಖದಲ್ಲಿ, ತೊಳಸಿದ ಕೋಲನ್ನು ಪಕ್ಕಕ್ಕಿಟ್ಟು ಕೂತಿದ್ದಳು. ಒಲೆಯ ಪಕ್ಕದ ತಟ್ಟೆಯಲ್ಲಿ ಪೊರೆ ಕಟ್ಟಿದ ಒಂದು ಮುದ್ದೆ, ಕೈಯಲ್ಲಿ ಹಬೆಯಾಡುವ ಇನ್ನೊಂದು.

“ಮೊದ್ಲು ಎರಡ್ ದೀಪ ಬಂತು. ನೀನೇ ಅಂತ ಇಟ್ಟಾಕ್ದೆ. ಅದು ಲಾರಿ. ಆಮೇಲೆ ಇನ್ನೆರಡ್ ಬಂತು. ಲಾರಿಯಾದ್ರೂ ಆಗ್ಲಿ ಅಂತ ಮತ್ತೆ ಆಕ್ದೆ.”

ಬಿಸಿ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಆರಿದ್ದನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡೆ. ಉಳಿದಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಸೋಮ ಒಳಗೆ ಬಂದ. ಆರ್‌ಟಿಒ ಕಾಗದ ತೋರಿಸಿದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಾತು ಕೊಟ್ಟವನು ಬೇರೆ ದಾರಿಯಿಲ್ಲದೆ, ‘ಆಯ್ತು, ಶೆಡ್ನಲ್ಲಿ ಜಾಗ ಮಾಡ್ತೀನಿ’ ಎಂದು ಊಟಕ್ಕೆ ಕೂತ. ನಾನು ಆರಿದ ಮುದ್ದೆಯನ್ನು ಎತ್ತಿ ಅವನ ತಟ್ಟೆಗೆ ಹಾಕಿದೆ. ಬಿಸಿ ಮುದ್ದೆಯನ್ನು ಮುರಿದು ಅವ್ವನಿಗೆ ಅರ್ಧ ಕೊಟ್ಟು, ಅರ್ಧ ನಾನಿಟ್ಟುಕೊಂಡೆ. ಸೋಮ ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಅದು ಅರ್ಧದಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂದು, ಎದೆ ಗುದ್ದಿಕೊಂಡು, ಚೊಂಬು ಎತ್ತಿ ಗಟಗಟ ಕುಡಿದ.

“ಥೂ, ಏನವ್ವಾ ಇದು? ಇದನ್ನ ಎಂಗ್ ತಿಂತಿದ್ರಿ ನೀವು?”

ಅವ್ವ ತನ್ನ ಬಿಸಿ ತುತ್ತನ್ನು ನಿಧಾನವಾಗಿ ಸಾರಿಗೆ ಅದ್ದಿದಳು.

“ಅದಕ್ಕೇ ಕಣ್ಲಾ ವೈರ್ ಕಿತ್ತಿದ್ದು.”